ಯಾಕೆ ಎಂದರೆ ಕಾರಣ ಹೇಳುತ್ತಿದ್ದ ಯಂತ್ರ

ಈಗ ಮೈಸೂರಿನ ಯಾವ ಮನೆಯ ಹಜಾರಕ್ಕೆ ಹೋದರೂ ಒಂದು ಮಗುವಾದರೂ ಫೋನಿನ ಜೊತೆ ಮಾತಾಡುತ್ತಾ ಕೂತಿರುತ್ತದೆ. ದಸರೆಯ ಮೇಲೆ ಪ್ರಬಂಧ ಬೇಕೆಂದರೆ ಪ್ರಬಂಧ, ಲೆಕ್ಕಕ್ಕೆ ಉತ್ತರ ಬೇಕೆಂದರೆ ಉತ್ತರ, ಕೇಳಿ ಬಾಯಿ ಮುಚ್ಚುವುದರೊಳಗೆ ಬಂದುಬಿಡುತ್ತದೆ. ಬಂದದ್ದು ಬಹಳ ಸಲ ಚೆನ್ನಾಗಿಯೇ ಇರುತ್ತದೆ. "ಇದು ಹೀಗೇ ಅಂತ ಹೇಗೆ ಗೊತ್ತಾಯ್ತು ಪುಟ್ಟಾ?" ಎಂದು ಕೇಳಿದರೆ ಮಾತ್ರ ಮಗು ನನ್ನ ಮುಖ ನೋಡುತ್ತದೆ. "ಅದೇ ಹೇಳ್ತಲ್ಲ ತಾತ" ಎನ್ನುತ್ತದೆ. ಮಗುವಿನ ತಪ್ಪೇನೂ ಇಲ್ಲ. ಯಾಕೆ ಎಂದು ಕೇಳಬೇಕೆಂಬುದನ್ನು ಯಂತ್ರವೂ ಕಲಿಸಲಿಲ್ಲ, ಕೈಗೆ ಯಂತ್ರ ಕೊಟ್ಟ ನಾವೂ ಕಲಿಸಲಿಲ್ಲ.

ಒಂದು ಕಾಲವಿತ್ತು. ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬ ನಿಂತ ಕಪಾಟುಗಳ ಸಾಲು. ನಾವು ಹೇಳಿಕೊಡುವ ತನಕ ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ. ಹೇಳಿಕೊಟ್ಟಮೇಲೆ ನಾವು ಕೊಟ್ಟ ಕಾರಣಗಳಿಂದ ಏನು ಸಿದ್ಧವಾಗುತ್ತದೋ ಅಷ್ಟನ್ನು ಮಾತ್ರ ಹೇಳುತ್ತಿತ್ತು, ಅದರಾಚೆ ಒಂದು ಅಕ್ಷರ ಹೇಳುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಒಂದೊಂದು ಹೆಜ್ಜೆಯನ್ನೂ ಕಾಗದದ ಮೇಲೆ ಮುದ್ರಿಸಿ ಮುಂದಿಡುತ್ತಿತ್ತು. ಆ ದೊಡ್ಡ ಯಂತ್ರಗಳ ಮೇಲೆ ತರ್ಕದ ಭಾಷೆಯಲ್ಲಿ ಬರೆದು ಕಲಿತ ಕೊನೆಯ ತಲೆಮಾರಿಗೆ ಸೇರಿದವನು ನಾನು. ನಮ್ಮ ಜೊತೆಗೇ ಅದು ಮರೆತುಹೋಗುತ್ತಿದೆಯಲ್ಲಾ ಎಂಬ ಸಂಕಟದಿಂದ ಇದನ್ನು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮೈಸೂರನ್ನು ನೆನಪಿಸಿಕೊಳ್ಳಿ. 1946ರಲ್ಲಿ ಶುರುವಾದ ಎನ್‌ಐಇ, 1963ರಲ್ಲಿ ಬಂದ ಎಸ್‌ಜೆಸಿಇ, ಈ ಎರಡು ಎಂಜಿನಿಯರಿಂಗ್ ಕಾಲೇಜುಗಳೂ ಊರಿನ ಹೆಮ್ಮೆಯಾಗಿದ್ದವು. ವಿಪ್ರೋ ಕಂಪನಿಯ ಕಂಪ್ಯೂಟರುಗಳು ನಮ್ಮೂರಿನ ಕಾರ್ಖಾನೆಯಲ್ಲೇ ತಯಾರಾಗುತ್ತಿದ್ದವು. ಆದರೂ ಓದುವ ಹುಡುಗರ ಪಾಲಿಗೆ ದೊಡ್ಡ ಯಂತ್ರ ಎಂದರೆ ಬೆಂಗಳೂರಿನದೇ. ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೊದಲು ಐಬಿಎಂ 360 ಇತ್ತು, ಆಮೇಲೆ ಡೆಕ್ ಕಂಪನಿಯ ಡೆಕ್-10 ಸಾಲಿನ 1090 ಬಂದಿತ್ತು. ಮೇಷ್ಟರೊಬ್ಬರ ಕಾಗದ ಹಿಡಿದು, ಪ್ರಾಜೆಕ್ಟ್ ಕೆಲಸದ ನೆಪದಲ್ಲಿ ಅದರ ಬಾಗಿಲಿಗೆ ಹೋಗಿ ನಿಲ್ಲುವುದೇ ಒಂದು ಭಾಗ್ಯ. ಆಗಿನ್ನೂ ಮೀಟರ್ ಗೇಜ್ ಹಳಿ. ಮೈಸೂರು ಬಿಟ್ಟ ರೈಲು ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಎಂದು ನಿಧಾನವಾಗಿ ನಿಂತು ಹೋಗುತ್ತಿತ್ತು. ಆ ಹೊತ್ತಿನಲ್ಲೇ ನಮ್ಮ ಅರ್ಧ ಕೆಲಸ ಮುಗಿಯುತ್ತಿತ್ತು. ಯಂತ್ರದ ಮುಂದೆ ಕೂರಲು ಸಿಗುವ ಸಮಯ ಸ್ವಲ್ಪವೇ ಆದ್ದರಿಂದ ಯೋಚನೆಯನ್ನೆಲ್ಲ ದಾರಿಯಲ್ಲೇ ಮಾಡಿ ಮುಗಿಸಬೇಕಿತ್ತು. ಈಗ 2023ರಲ್ಲಿ ತೆರೆದ ಹೆದ್ದಾರಿಯಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬೆಂಗಳೂರು ಬರುತ್ತದೆ. ಸಮಯ ಉಳಿಯಿತು, ನಿಜ. ಉಳಿದ ಸಮಯದಲ್ಲಿ ಯೋಚನೆ ಮಾಡುವವರನ್ನು ಮಾತ್ರ ನಾನು ಹೆಚ್ಚು ಕಂಡಿಲ್ಲ.

ಯಂತ್ರದ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಒಳಗೆ ಮೈ ನಡುಗಿಸುವ ತಂಪು, ಫ್ಯಾನುಗಳ ಒಂದೇ ಸಮನೆ ಮೊರೆತ, ಗಾಜಿನಾಚೆ ತಿರುಗುವ ಟೇಪಿನ ಸುರುಳಿಗಳು. ನಮ್ಮಂಥ ಹುಡುಗರಿಗೆ ಸಿಗುತ್ತಿದ್ದದ್ದು ಹೊರಗಿನ ಟರ್ಮಿನಲ್ ಕೋಣೆ, ಅದೂ ದೊಡ್ಡವರೆಲ್ಲ ಮನೆಗೆ ಹೋದಮೇಲೆ, ರಾತ್ರಿ. ಅಲ್ಲಿ ಡೆಕ್‌ರೈಟರ್ ಎಂಬ ಟರ್ಮಿನಲ್ ಇರುತ್ತಿತ್ತು. ಅದಕ್ಕೆ ಪರದೆಯೇ ಇಲ್ಲ. ಕೀಲಿ ಒತ್ತಿದರೆ ಅಕ್ಷರ ನೇರವಾಗಿ ಕಾಗದದ ಮೇಲೆ ಬೀಳುತ್ತಿತ್ತು, ಯಂತ್ರದ ಉತ್ತರವೂ ಕಾಗದದ ಮೇಲೆಯೇ, ಸೆಕೆಂಡಿಗೆ 30 ಅಕ್ಷರದಂತೆ ಕಟಕಟ ಸದ್ದು ಮಾಡುತ್ತಾ. ಕೆಲಸ ಮುಗಿಸಿ ಏಳುವಾಗ ನಾವು ಯಂತ್ರದ ಎಷ್ಟು ಸೆಕೆಂಡು ಬಳಸಿದೆವು ಎಂಬ ಲೆಕ್ಕವನ್ನೂ ಅದೇ ಮುದ್ರಿಸುತ್ತಿತ್ತು. ಆ ಸಾಲನ್ನು ನೋಡಿದಾಗಲೆಲ್ಲ ನಾಡಿನ ದುಡ್ಡು ಖರ್ಚು ಮಾಡುತ್ತಿದ್ದೇವೆ ಎಂಬ ಭಯಭಕ್ತಿ ಮೂಡುತ್ತಿತ್ತು.

ನಾವು ಬರೆಯುತ್ತಿದ್ದ ಭಾಷೆ ಪ್ರೋಲಾಗ್. ಅದು ಹುಟ್ಟಿದ್ದು 1972ರಲ್ಲಿ, ಫ್ರಾನ್ಸಿನ ಮಾರ್ಸೇಯಲ್ಲಿ. ಅಲೆನ್ ಕಾಲ್ಮೆರೋ, ಫಿಲಿಪ್ ರೂಸೆಲ್ ಎಂಬ ಇಬ್ಬರು ಅದನ್ನು ಕಟ್ಟಿದರು. ತರ್ಕವನ್ನೇ ಕಾರ್ಯಕ್ರಮವಾಗಿ ಓದಬಹುದು ಎಂಬ ಸಿದ್ಧಾಂತಕ್ಕೆ ಎಡಿನ್‌ಬರೋದಲ್ಲಿದ್ದ ರಾಬರ್ಟ್ ಕೊವಾಲ್ಸ್ಕಿ ಬುನಾದಿ ಹಾಕಿದರು. ಅದರ ಮೊದಲ ರೂಪ ಓಡಿದ್ದೂ ಒಂದು ದೊಡ್ಡ ಐಬಿಎಂ ಯಂತ್ರದ ಮೇಲೆಯೇ. 1977ರ ಹೊತ್ತಿಗೆ ಎಡಿನ್‌ಬರೋದ ಡೇವಿಡ್ ವಾರನ್ ಡೆಕ್-10 ಯಂತ್ರಕ್ಕಾಗಿ ಬರೆದ ಕಂಪೈಲರ್ ಬಂತು. ತರ್ಕದ ಭಾಷೆಯೂ ಚುರುಕಾಗಿ ಓಡಬಲ್ಲದು ಎಂದು ಜಗತ್ತು ನಂಬಿದ್ದು ಆಗ. ಒಂದು ಕಾರ್ಯಕ್ರಮಕ್ಕೆ ಆ ಯಂತ್ರ ಕೊಡುತ್ತಿದ್ದ ಜಾಗವೆಲ್ಲ ಸೇರಿ ಈಗಿನ ಲೆಕ್ಕದಲ್ಲಿ ಸುಮಾರು 1 ಮೆಗಾಬೈಟ್. ಇವತ್ತು ಮದುವೆಮನೆಯಿಂದ ವಾಟ್ಸಾಪಿಗೆ ಬರುವ ನಾಲ್ಕೈದು ಫೋಟೋ ಅಷ್ಟು ಜಾಗ ತಿನ್ನುತ್ತವೆ. ಅಷ್ಟರಲ್ಲೇ ನಾವು ಒಂದು ವಂಶಾವಳಿಯನ್ನು ತುಂಬುತ್ತಿದ್ದೆವು.

ಹೌದು, ಪ್ರೋಲಾಗ್ ಕಲಿಯುವವರೆಲ್ಲ ಮೊದಲು ಬರೆಯುವುದು ವಂಶಾವಳಿಯನ್ನೇ. ಪುಸ್ತಕದಲ್ಲಿದ್ದ ವಿದೇಶಿ ಮನೆತನ ನನಗೆ ಬೇಡವಾಗಿ, ಕೃಷ್ಣಮೂರ್ತಿಪುರಂನಲ್ಲಿದ್ದ ಅಮ್ಮನ ತವರಿಗೆ ಹೋಗಿ ಅಜ್ಜಿಯನ್ನು ಹಿಡಿದುಕೊಂಡೆ. ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಹಳೆಯ ಪ್ರಿಂಟ್‌ಔಟ್ ಕಾಗದದ ಬೆನ್ನಿನ ಮೇಲೆ ನಾನು ಬರೆದುಕೊಳ್ಳುತ್ತಾ ಹೋದೆ.

"ನಿನ್ನ ಮಿಷನ್ನಿಗೆ ನಮ್ಮ ಮನೆ ಸಂಬಂಧ ಎಲ್ಲಾ ಯಾತಕ್ಕೋ ಮಗೂ?" ಎಂದರು.

"ನೀವು ಹೇಳಿ ಅಜ್ಜಿ, ಅದೇ ಲೆಕ್ಕ ಹಾಕಿ ಯಾರಿಗೆ ಯಾರು ಏನಾಗಬೇಕು ಅಂತ ಹೇಳತ್ತೆ" ಎಂದೆ.

"ಹಾಗಾದರೆ ನನ್ನ ತಮ್ಮನ್ನ ಹೇಗೆ ಬರಕೋತೀಯಾ? ಅವನಿಗೇ ಅಲ್ವೇನೋ ನಿಮ್ಮ ದೊಡ್ಡಮ್ಮನ್ನ ಕೊಟ್ಟಿರೋದು!"

ಬರೆಯುವ ರೀತಿ ಸರಳ. ಇಂಥವಳು ಇಂಥವಳಿಗೆ ತಾಯಿ, ಇಂಥವನು ಇಂಥವಳಿಗೆ ಸೋದರ, ಇಂಥವನು ಇಂಥವಳ ಗಂಡ. ಇವು ಸಂಗತಿಗಳು, ಒಂದೊಂದು ಸಾಲಿಗೂ ಕೊನೆಯಲ್ಲಿ ಒಂದು ಚುಕ್ಕಿ. ಆಮೇಲೆ ನಿಯಮಗಳು: ಒಬ್ಬನು ಇನ್ನೊಬ್ಬರಿಗೆ ಸೋದರಮಾವ, ಯಾವಾಗ ಎಂದರೆ, ಅವರಿಗೆ ಒಬ್ಬ ತಾಯಿಯಿದ್ದು ಆ ತಾಯಿಗೆ ಇವನು ಸೋದರನಾಗಿದ್ದರೆ. ಒಬ್ಬನು ಇನ್ನೊಬ್ಬರಿಗೆ ಭಾವ, ಯಾವಾಗ ಎಂದರೆ, ಅವರಿಗೆ ಒಬ್ಬ ಅಕ್ಕನಿದ್ದು ಇವನು ಆ ಅಕ್ಕನ ಗಂಡನಾಗಿದ್ದರೆ. ಆಗ ಯಂತ್ರದಲ್ಲಿ ಕನ್ನಡ ಲಿಪಿ ಇರಲಿಲ್ಲ. ನಮ್ಮ ಮನೆಮಂದಿಯ ಹೆಸರನ್ನೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಶುರು ಮಾಡಬೇಕಿತ್ತು. ದೊಡ್ಡ ಅಕ್ಷರದಲ್ಲಿ ಶುರುಮಾಡಿದರೆ ಅದು ಹೆಸರಲ್ಲ, 'ಯಾರಾದರೂ ಸರಿ' ಎಂದು ಯಂತ್ರ ತಿಳಿಯುತ್ತಿತ್ತು.

ಮುಂದಿನ ಸಲ ಬೆಂಗಳೂರಿಗೆ ಹೋದಾಗ ರಾತ್ರಿ ಟರ್ಮಿನಲ್ ಮುಂದೆ ಕೂತು ಕೇಳಿದೆ: ಅಜ್ಜಿಯ ತಮ್ಮ ನನ್ನ ಅಮ್ಮನಿಗೆ ಏನಾಗಬೇಕು? ಕಟಕಟ ಸದ್ದಾಗಿ ಉತ್ತರ ಬಿತ್ತು, ಸೋದರಮಾವ. ಬೇರೆ ಉತ್ತರವೂ ಉಂಟೇ ಎಂದು ಕೇಳಲು ಅರ್ಧವಿರಾಮ ಚಿಹ್ನೆ ಒತ್ತಬೇಕು. ಒತ್ತಿದೆ. ಯಂತ್ರ ಒಂದು ಗಳಿಗೆ ಸುಮ್ಮನಿದ್ದು ಮುದ್ರಿಸಿತು, ಭಾವ. ಮತ್ತೆ ಒತ್ತಿದೆ. ಇಲ್ಲ ಎಂದಿತು. ಎರಡೂ ಸರಿ, ಮೂರನೆಯದಿಲ್ಲ! ನಮ್ಮ ಮನೆಯವರು ಎರಡು ನಂಟಿನಲ್ಲಿಯೂ ಕರೆಯುತ್ತಿದ್ದ ಮನುಷ್ಯನನ್ನು, ನಾನು ಎಲ್ಲಿಯೂ ನೇರವಾಗಿ ಹೇಳಿಕೊಡದೆ, ಬರಿಯ ಕಾರಣಗಳಿಂದ ಆ ಯಂತ್ರ ಗುರುತಿಸಿತ್ತು. ಅದಕ್ಕಿಂತ ದೊಡ್ಡ ದೊಡ್ಡ ಕಂಪ್ಯೂಟರುಗಳನ್ನು ಆಮೇಲೆ ಬಳಸಿದ್ದೇನೆ. ಆ ಪುಳಕ ಮತ್ತೆ ಬರಲಿಲ್ಲ.

ಪ್ರೋಲಾಗಿನ ಜೀವ ಇರುವುದೇ ಈ ಹುಡುಕಾಟದಲ್ಲಿ. ಒಂದು ದಾರಿ ಮುಚ್ಚಿದರೆ ಅದು ಸೋತು ಕೂರುವುದಿಲ್ಲ. ರಂಗೋಲಿಯ ಎಳೆ ತಪ್ಪಿದಾಗ ಅಜ್ಜಿ ಪೂರ್ತಿ ಅಳಿಸದೆ, ಹಿಂದಿನ ಚುಕ್ಕಿಯವರೆಗೆ ಮಾತ್ರ ಒರೆಸಿ ಅಲ್ಲಿಂದ ಬೇರೆ ಕಡೆಗೆ ಎಳೆಯುತ್ತಿದ್ದ ಹಾಗೆ, ಕೊನೆಯ ಕವಲಿಗೆ ಹಿಂದಿರುಗಿ ಇನ್ನೊಂದು ದಾರಿ ಹಿಡಿಯುತ್ತದೆ. ಇದನ್ನು ಬ್ಯಾಕ್‌ಟ್ರ್ಯಾಕಿಂಗ್ ಎನ್ನುತ್ತೇವೆ. ಟ್ರೇಸ್ ಎಂಬ ಆಜ್ಞೆ ಕೊಟ್ಟರೆ ಈ ಓಡಾಟವೆಲ್ಲ ಕಾಗದದ ಮೇಲೆ ಬರುತ್ತಿತ್ತು: ಯಾವ ಪ್ರಶ್ನೆ ಕೈಗೆತ್ತಿಕೊಂಡೆ, ಯಾವುದು ಸಿದ್ಧವಾಯಿತು, ಎಲ್ಲಿ ಸೋತೆ, ಎಲ್ಲಿಂದ ಮತ್ತೆ ಹೊರಟೆ, ಒಂದನ್ನೂ ಮುಚ್ಚಿಡದೆ. ಮರಳುವ ರೈಲಿನಲ್ಲಿ ಆ ಉದ್ದನೆಯ ಕಾಗದವನ್ನು ಮಡಿಲಲ್ಲಿ ಹರಡಿಕೊಂಡು ಓದುತ್ತಾ ಬರುತ್ತಿದ್ದೆ. ನಿಯಮಗಳ ಕ್ರಮ ಸರಿಯಿಲ್ಲದಿದ್ದರೆ ಯಂತ್ರ ಹೇಗೆ ಒಂದೇ ಸುಳಿಯಲ್ಲಿ ಸಿಕ್ಕಿ ತಿರುಗುತ್ತದೆ ಎಂಬುದೂ ಅದರಲ್ಲಿ ಕಾಣುತ್ತಿತ್ತು. ಓದಿ ಮುಗಿದ ಕಾಗದದ ಬೆನ್ನು ಮನೆಯಲ್ಲಿ ಹಾಲಿನ ಲೆಕ್ಕಕ್ಕೆ, ತಂಗಿಯ ನೋಟ್‌ಬುಕ್ಕಿನ ರಟ್ಟಿಗೆ ಆಗುತ್ತಿತ್ತು.

ನಮ್ಮ ಬೀದಿಯಲ್ಲಿ ತರ್ಕಶಾಸ್ತ್ರ ಓದಿದ ಹಿರಿಯರೊಬ್ಬರಿದ್ದರು, ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಕಲಿತವರು. ಎಂ. ಹಿರಿಯಣ್ಣನವರು ಭಾರತೀಯ ದರ್ಶನಗಳನ್ನು ಪಾಠ ಹೇಳಿದ ಊರು ನಮ್ಮದು. ಬೀದಿಗೊಬ್ಬರಾದರೂ ಶಾಸ್ತ್ರ ಬಲ್ಲವರು ಆಗಿನ್ನೂ ಇದ್ದರು. ಒಂದು ಸಂಜೆ ಅವರು ಆ ಕಾಗದವನ್ನು ಕೈಗೆ ತೆಗೆದುಕೊಂಡು, ಇದೇನಪ್ಪ ಎಂದು ಕೇಳಿದರು. ಒಂದು ನಿಯಮವನ್ನು ಓದಿ ಹೇಳಿದೆ: ಮೊದಲು ಸಾಧಿಸಬೇಕಾದ ಮಾತು, ಆಮೇಲೆ ಅದಕ್ಕೆ ಕಾರಣಗಳು. ಅವರ ಮುಖ ಅರಳಿತು. "ಇದು ಪ್ರತಿಜ್ಞೆ, ಇದು ಹೇತು. ಚಾಮುಂಡಿ ಬೆಟ್ಟದಲ್ಲಿ ಬೆಂಕಿಯಿದೆ ಅನ್ನೋದು ಮೊದಲು, ಹೊಗೆ ಕಾಣೋದರಿಂದ ಅನ್ನೋದು ಆಮೇಲೆ. ಅಡಿಗೆಮನೆಯಲ್ಲಿ ನೋಡಿಲ್ಲವೆ ಅನ್ನೋ ಉದಾಹರಣೆ ಎಲ್ಲಿಟ್ಟಿದ್ದೀಯಪ್ಪಾ?" ಎಂದರು. ಉದಾಹರಣೆಗಳೆಲ್ಲ ಕೆಳಗಿನ ಸಂಗತಿಗಳ ಪಟ್ಟಿಯಲ್ಲಿವೆ ಎಂದು ತೋರಿಸಿದೆ. ಬಹಳ ಹೊತ್ತು ನೋಡಿದರು.

ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ಈ ವಯಸ್ಸಿನಲ್ಲೂ ಪಾಠವಾಗಿದೆ. ಯಂತ್ರ 'ಇಲ್ಲ' ಎಂದರೆ ಅದು ಸುಳ್ಳು ಎಂದರ್ಥವೋ, ತನಗೆ ಸಿಗಲಿಲ್ಲ ಎಂದರ್ಥವೋ? ಸಿಗಲಿಲ್ಲ ಎಂದೇ ಅರ್ಥ ಎಂದೆ. ಕಾಣದಿರುವುದನ್ನೂ ಒಂದು ಪ್ರಮಾಣವಾಗಿ ಭಾಟ್ಟ ಮೀಮಾಂಸಕರು ಒಪ್ಪಿದ್ದಾರೆ, ಅನುಪಲಬ್ಧಿ ಎನ್ನುತ್ತಾರೆ, ಆದರೆ ಕಾಣಬೇಕಾದ ಜಾಗದಲ್ಲಿ ಕಾಣದಿದ್ದರೆ ಮಾತ್ರ ಅದು ಪ್ರಮಾಣ ಎಂದು ವಿವರಿಸಿದರು. 1978ರಲ್ಲಿ ಕೀತ್ ಕ್ಲಾರ್ಕ್ ಎಂಬ ವಿಜ್ಞಾನಿ ಇದೇ 'ಸಿಗದಿದ್ದರೆ ಇಲ್ಲ' ಎಂಬ ನಿಯಮವನ್ನು ಕಂಪ್ಯೂಟರಿನ ತರ್ಕದಲ್ಲಿ ಖಚಿತವಾಗಿ ನಿರೂಪಿಸಿದ್ದ. ಜಗುಲಿಯ ಮೇಲೆ ಕೂತ ಒಬ್ಬ ಸಂಸ್ಕೃತ ವಿದ್ವಾಂಸರಿಗೂ ಬೆಂಗಳೂರಿನ ಒಂದು ಯಂತ್ರಕ್ಕೂ ಮಾತುಕತೆ ಸಾಧ್ಯವಾಗಿದ್ದ ಕಾಲ ಅದು. ಇಂದಿನ ಯಂತ್ರದ ಒಳಗುಟ್ಟನ್ನು ಯಾವ ಜಗುಲಿಗೆ ತಂದು ಯಾರ ಮುಂದೆ ಹರಡಲಿ? ಲೆಕ್ಕವಿಲ್ಲದಷ್ಟು ಅಂಕಿಗಳು ಸೇರಿ ಉತ್ತರ ಕೊಡುತ್ತವೆ. ಯಾವ ಅಂಕಿ ಯಾವ ಮಾತಿಗೆ ಕಾರಣ ಎಂದು ಅದನ್ನು ಕಟ್ಟಿದವರಿಗೂ ಹೇಳುವುದು ಕಷ್ಟ.

ಆಗ ಇಂಥ ಕನಸು ಕಂಡವನು ನಾನೊಬ್ಬನೇ ಅಲ್ಲ. 1982ರಲ್ಲಿ ಜಪಾನ್ ಐದನೆಯ ತಲೆಮಾರಿನ ಕಂಪ್ಯೂಟರ್ ಕಟ್ಟುತ್ತೇವೆಂದು ಹೊರಟು, ತರ್ಕದ ಭಾಷೆಯನ್ನೇ ಅದಕ್ಕೆ ಅಡಿಪಾಯವಾಗಿ ಆರಿಸಿಕೊಂಡಿತು. ಜಗತ್ತೆಲ್ಲ ಅತ್ತ ತಿರುಗಿ ನೋಡಿತು. 1985ರಲ್ಲಿ ಅಮೆರಿಕದ ನಾಸಾದಲ್ಲಿದ್ದ ರಿಕ್ ಬ್ರಿಗ್ಸ್ ಎಂಬಾತ, ಜ್ಞಾನವನ್ನು ಯಂತ್ರಕ್ಕೆ ತಿಳಿಸಲು ಸಂಸ್ಕೃತದ ಶಾಸ್ತ್ರಕಾರರ ಕ್ರಮ ಒದಗುತ್ತದೆ ಎಂದು ಲೇಖನ ಬರೆದ. ಮರುವರ್ಷವೇ ಬೆಂಗಳೂರಿನಲ್ಲಿ ಆ ವಿಷಯಕ್ಕೆಂದು ಸಮ್ಮೇಳನ ನಡೆದು, ಪಂಡಿತರೂ ಕಂಪ್ಯೂಟರ್ ವಿಜ್ಞಾನಿಗಳೂ ಎದುರುಬದುರು ಕೂತರು. ಅದೇ ಹೊತ್ತಿಗೆ ಭಾರತ ಸರ್ಕಾರವೂ ವಿಶ್ವಸಂಸ್ಥೆಯ ನೆರವಿನಿಂದ ಜ್ಞಾನಾಧಾರಿತ ಕಂಪ್ಯೂಟರುಗಳ ಯೋಜನೆ ಹಮ್ಮಿಕೊಂಡಿತು. ವಿಜ್ಞಾನ ಸಂಸ್ಥೆಯೂ ಅದರ ಕೇಂದ್ರಗಳಲ್ಲಿ ಒಂದಾಗಿತ್ತು.

ಮೈಸೂರಿಗಂತೂ ಈ ಕನಸು ಇನ್ನೂ ಹತ್ತಿರದ್ದು. ಪ್ರೋಲಾಗ್ ಹುಟ್ಟಿದ್ದೇ ಮನುಷ್ಯರ ಮಾತನ್ನು ಯಂತ್ರಕ್ಕೆ ತಿಳಿಸುವ ಹಂಬಲದಿಂದ. ಕಾಲ್ಮೆರೋ ಅದಕ್ಕೂ ಮೊದಲು ಮಾಂಟ್ರಿಯಲ್‌ನಲ್ಲಿ ಯಂತ್ರಾನುವಾದದ ಕೆಲಸ ಮಾಡಿದ್ದವರು. ನಮ್ಮೂರಿನಲ್ಲಿ 1969ರಿಂದಲೇ ಭಾರತೀಯ ಭಾಷಾ ಸಂಸ್ಥಾನವಿತ್ತು. ದೇಶದ ಮೂಲೆಮೂಲೆಯ ಭಾಷೆಗಳನ್ನು ಬಲ್ಲವರು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಂಜೆ ನಡೆದಾಡುತ್ತಿದ್ದ ಊರಿದು. ವ್ಯಾಕರಣವನ್ನೇ ನಿಯಮಗಳಾಗಿ ಬರೆದರೆ ಆ ನಿಯಮಗಳೇ ವಾಕ್ಯವನ್ನು ಬಿಡಿಸಿ ತೋರಿಸುವ ಒಂದು ಸೊಗಸಾದ ಕ್ರಮ ಪ್ರೋಲಾಗಿನಲ್ಲಿದೆ. ವ್ಯಾಕರಣಕಾರ ಕೇಶಿರಾಜನ ಸೂತ್ರಗಳನ್ನು ಬಾಯಿಪಾಠ ಮಾಡಿದ್ದ ಕನ್ನಡ ಎಂ.ಎ. ಗೆಳೆಯನೂ ನಾನೂ ಕೂತು ವಿಭಕ್ತಿ, ಸಂಧಿಗಳನ್ನು ಹಾಗೆ ಬರೆಯುತ್ತಿದ್ದೆವು. ಸೂತ್ರಗಳಲ್ಲಿ ಯಾವುದು ಮೊದಲು, ಯಾವುದು ಯಾವುದಕ್ಕೆ ಅಪವಾದ ಎಂದು ಅವನು ಹೇಳುತ್ತಿದ್ದ, ನಾನು ನಿಯಮಗಳನ್ನು ಆ ಕ್ರಮದಲ್ಲೇ ಜೋಡಿಸುತ್ತಿದ್ದೆ. 'ಮರದಿಂದ' ಎಂಬ ಒಂದು ಪದವನ್ನು ಯಂತ್ರ ಸರಿಯಾಗಿ ಬಿಡಿಸಿದ ದಿನ ಇಬ್ಬರೂ ಹೋಟೆಲಿಗೆ ಹೋಗಿ ದೋಸೆ ತಿಂದೆವು. ಒಂದು ಪದಕ್ಕೆ! ಅಷ್ಟು ಸಣ್ಣದನ್ನು ಅಷ್ಟು ಆಳವಾಗಿ ತಿಳಿದ ಸುಖ ಅದು.

ಆಮೇಲೆ ಎಲ್ಲವೂ ಬೇಗ ಬೇಗ ಬದಲಾಯಿತು. ಮೇಜಿನ ಮೇಲಿನ ಪುಟ್ಟ ಕಂಪ್ಯೂಟರುಗಳು ಬಂದು ದೊಡ್ಡ ಯಂತ್ರಗಳನ್ನು ಒಂದೊಂದಾಗಿ ಮನೆಗೆ ಕಳುಹಿಸಿದವು. ಮಿನುಗುವ ದೀಪಗಳು, ಟೇಪಿನ ಸುರುಳಿಗಳು, ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಕಾಗದ ಕಣ್ಮರೆಯಾದವು. ಜಪಾನಿನ ಯೋಜನೆ ತೊಂಬತ್ತರ ದಶಕದ ಮೊದಲಲ್ಲೇ, ಹೇಳಿದಷ್ಟನ್ನು ಸಾಧಿಸದೆ ಮುಗಿಯಿತು. ಕೆಲಸ ಕೊಡುವ ಕಂಪನಿಗಳು ಕೇಳಿದ್ದು ಬೇರೆ ಭಾಷೆಗಳನ್ನು, ಹುಡುಗರು ಕಲಿತದ್ದೂ ಅವನ್ನೇ. ಹೊಟ್ಟೆಪಾಡಿನ ಮಾತು, ಯಾರನ್ನು ದೂರಲಿ? ನಮ್ಮೂರಿನ ಹೆಬ್ಬಾಳದಲ್ಲಿ ಈಗ ಇನ್ಫೋಸಿಸ್‌ನ ಅಷ್ಟು ದೊಡ್ಡ ತರಬೇತಿ ಕೇಂದ್ರವಿದೆ. ಎನ್‌ಐಇಯಲ್ಲಿ ಓದಿದ ನಾರಾಯಣಮೂರ್ತಿಯವರು ಕಟ್ಟಿದ ಸಂಸ್ಥೆ ಸಾವಿರಾರು ಮನೆಗಳ ದೀಪ ಹಚ್ಚಿದೆ. ಅದನ್ನು ಕಂಡು ಹೆಮ್ಮೆಪಡುವವರಲ್ಲಿ ನಾನೂ ಒಬ್ಬ.

ಹೊಸದು ತಂದ ಒಳ್ಳೆಯದನ್ನು ಅಲ್ಲಗಳೆದರೆ ಪಾಪ ಬರುತ್ತದೆ. ರೈಲು ಹತ್ತಿ, ರಾತ್ರಿಯೆಲ್ಲ ಕಾದು ಮುಟ್ಟಬೇಕಿದ್ದ ಪ್ರೋಲಾಗ್ ಈಗ ಬಿಡಿಗಾಸಿಲ್ಲದೆ ಸಿಗುತ್ತದೆ. ಆ ಡೆಕ್-10 ಸೆಕೆಂಡಿಗೆ ಕೆಲವು ಹತ್ತು ಸಾವಿರ ತರ್ಕದ ಹೆಜ್ಜೆ ಹಾಕಿದರೆ ದೊಡ್ಡದು. ನನ್ನ ಮೊಮ್ಮಗಳ ಲ್ಯಾಪ್‌ಟಾಪ್ ಕೋಟಿ ಲೆಕ್ಕದಲ್ಲಿ ಹಾಕುತ್ತದೆ. ಅಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಅಜ್ಜಿಯ ಹೆಸರನ್ನು ಇಂದು ಕನ್ನಡದಲ್ಲೇ ಬರೆಯಬಹುದು. ಮಾರ್ಸೇಯ ಆ ಭಾಷೆ ಸತ್ತೂ ಇಲ್ಲ. 2011ರಲ್ಲಿ ಅಮೆರಿಕದ ಟಿವಿ ರಸಪ್ರಶ್ನೆಯಲ್ಲಿ ಗೆದ್ದ ಐಬಿಎಂನ ವಾಟ್ಸನ್ ಯಂತ್ರ, ಪ್ರಶ್ನೆಯ ವಾಕ್ಯವನ್ನು ಬಿಡಿಸಿ ನೋಡಲು ಪ್ರೋಲಾಗನ್ನೂ ಬಳಸಿತ್ತು. ಟೆಲಿಫೋನ್ ವ್ಯವಸ್ಥೆಗಳಿಗಾಗಿ ಹುಟ್ಟಿದ ಎರ್ಲಾಂಗ್ ಎಂಬ ಭಾಷೆ ಮೊದಲು ಬೆಳೆದದ್ದು ಪ್ರೋಲಾಗಿನ ಮಡಿಲಲ್ಲೇ. ವಾಟ್ಸಾಪ್ ಸಂದೇಶಗಳನ್ನು ಹೊತ್ತು ಸಾಗಿಸುವುದು ಅದೇ ಎರ್ಲಾಂಗ್.

ಹಾಗಾದರೆ ಕಳೆದದ್ದೇನು? ಯಂತ್ರ ಕಳೆದರೆ ಕಳೆಯಲಿ, ಅದರ ತಂಪು ಕೋಣೆಗಾಗಿ ನಾನು ಅಳುವುದಿಲ್ಲ. ಕಳೆದದ್ದು ಒಂದು ಶಿಸ್ತು. ಆಗ ಯಂತ್ರವನ್ನು ಏನಾದರೂ ಕೇಳಬೇಕೆಂದರೆ ನಮಗೆ ಏನು ಗೊತ್ತು, ಯಾವುದರಿಂದ ಯಾವುದು ಸಿದ್ಧವಾಗುತ್ತದೆ ಎಂದು ಮೊದಲು ನಾವೇ ಬರೆದಿಡಬೇಕಿತ್ತು. ಅಜ್ಜಿಯನ್ನು ಕೇಳಬೇಕಿತ್ತು, ಆಚೆ ಮನೆಯ ವಿದ್ವಾಂಸರ ಮುಂದೆ ಕೂರಬೇಕಿತ್ತು, ಗೆಳೆಯನ ಜೊತೆ ವಾದ ಮಾಡಬೇಕಿತ್ತು. ಉತ್ತರ ಬರುವ ಹೊತ್ತಿಗೆ ನಾವೇ ಬಲ್ಲವರಾಗಿರುತ್ತಿದ್ದೆವು. ಈಗ ಉತ್ತರ ಕೈಗೆ ಬರುತ್ತದೆ, ನಾವು ಇದ್ದಲ್ಲೇ ಇರುತ್ತೇವೆ. ಆಗಿನ ಯಂತ್ರ ತಿಳಿಯದಿದ್ದರೆ 'ಇಲ್ಲ' ಎಂದು ಸುಮ್ಮನಾಗುತ್ತಿತ್ತು. ಈಗಿನದು ತಿಳಿಯದಿದ್ದರೂ ಎಷ್ಟೋ ಸಲ ನಯವಾಗಿ, ತುಂಬು ವಾಕ್ಯದಲ್ಲಿ ಮಾತಾಡುತ್ತದೆ. ತಿಳಿಯದು ಎನ್ನುವ ಪ್ರಾಮಾಣಿಕತೆಯನ್ನು ಯಂತ್ರದಿಂದ ಕಲಿತ ತಲೆಮಾರು ನಮ್ಮದು. ನಮ್ಮ ಮಕ್ಕಳು ಅದನ್ನು ಯಾರಿಂದ ಕಲಿಯಬೇಕು?

2022ರಲ್ಲಿ ಪ್ರೋಲಾಗಿಗೆ ಐವತ್ತು ವರ್ಷ ತುಂಬಿತು. ಕಾಲ್ಮೆರೋ ಅದಕ್ಕೆ ಐದು ವರ್ಷ ಮೊದಲೇ ತೀರಿಕೊಂಡಿದ್ದರು. ನಾನು ಓದುವ ಪತ್ರಿಕೆಗಳಲ್ಲಿ ಅದರ ಬಗ್ಗೆ ಒಂದು ಸಾಲೂ ಕಾಣಲಿಲ್ಲ. ತರ್ಕಕ್ಕೆ ಹೆಸರಾದ ಊರು, ಭಾಷೆಗಳ ಸಂಸ್ಥಾನವಿರುವ ಊರು, ಕಂಪ್ಯೂಟರಿನಿಂದ ಅನ್ನ ಉಣ್ಣುವ ಊರು ಇದು. ಈ ಮೂರೂ ಒಂದೇ ಕಾಗದದ ಮೇಲೆ ಕೂಡಿದ್ದ ಆ ಗಳಿಗೆಯನ್ನು ಇಲ್ಲಿಯವರೇ ನೆನೆಯದಿದ್ದರೆ ಇನ್ಯಾರು ನೆನೆಯಬೇಕು?

ಆದ್ದರಿಂದ ನಮ್ಮೂರಿನ ಕಾಲೇಜುಗಳ ಮೇಷ್ಟರುಗಳಲ್ಲಿ ನನ್ನದೊಂದು ಬಿನ್ನಹ. ಮೊದಲ ವರ್ಷದ ಮಕ್ಕಳಿಗೆ ಒಂದೇ ಒಂದು ತಿಂಗಳು ಪ್ರೋಲಾಗ್ ಕಲಿಸಿ. ಪುಸ್ತಕದ ಮನೆತನ ಬೇಡ, ಅವರವರ ಮನೆಯ ಸಂಬಂಧಗಳನ್ನೇ ಬರೆಯಲು ಹೇಳಿ, ಅಜ್ಜಿ ತಾತಂದಿರನ್ನು ಕೇಳಿಕೊಂಡು ಬರಲು ಕಳುಹಿಸಿ. ಹೆತ್ತವರೇ, ಮಗು ಫೋನಿನಿಂದ ಉತ್ತರ ತಂದು ತೋರಿಸಿದಾಗ ಭೇಷ್ ಎನ್ನುವ ಮೊದಲು ಅದು ಯಾಕೆ ಹಾಗೆ ಎಂದು ಒಂದು ಮಾತು ಕೇಳಿ. ನಿಮ್ಮ ಅಟ್ಟದ ಮೇಲೆ ಆ ಕಾಲದ ಪ್ರಿಂಟ್‌ಔಟ್, ಕೈಪಿಡಿ, ಟೇಪಿನ ಸುರುಳಿ ಏನಾದರೂ ಉಳಿದಿದ್ದರೆ ಗುಜರಿಗೆ ಹಾಕಬೇಡಿ, ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಕಾರಣ ಕೇಳುವ ಅಭ್ಯಾಸ ಒಮ್ಮೆ ಊರಿನಿಂದ ಹೋದರೆ ಅದನ್ನು ಮರಳಿ ತರುವ ಯಂತ್ರ ಇನ್ನೂ ತಯಾರಾಗಿಲ್ಲ.